ಹಳೆಯ ಕಾರಿನ ತುಕ್ಕು ಹಿಡಿದ ಪೆಟ್ರೋಲ್ ಪೈಪು: ದುರಸ್ತಿ, ವಿಮೆ ಮತ್ತು ಲೆಕ್ಕಪತ್ರ

ಗದಗ-ಬೆಟಗೇರಿ ಅವಳಿ ನಗರದ ವ್ಯಾಪಾರಿ ಮನೆತನಗಳಲ್ಲಿ ಹದಿನೈದು ವರ್ಷ ದಾಟಿದ ಕಾರು ಅಪರೂಪದ ವಸ್ತುವೇನಲ್ಲ. ಲಕ್ಷ್ಮೇಶ್ವರದ ವಸೂಲಿಗೆ, ಶಿರಹಟ್ಟಿಯ ಜಾತ್ರೆಗೆ, ಮುಂಡರಗಿಯ ಹೊಲಮನೆಗೆ ಹೋಗಿಬರಲು ಅದೇ ವಾಹನ. ಅಂಗಡಿಗೆ ಹೊಸ ಕಾರು ಬಂದಮೇಲೂ ಹಳೆಯದನ್ನು ಮಾರಲು ಮನಸ್ಸಾಗದೆ ಗೋದಾಮಿನ ಮೂಲೆಯಲ್ಲಿ ನಿಲ್ಲಿಸಿದವರೂ ಇದ್ದಾರೆ. ಅಂಬಾಸಿಡರ್ ಕಾರಿನ ಉತ್ಪಾದನೆ 2014ರ ಮೇ ತಿಂಗಳಲ್ಲಿಯೂ ಮಾರುತಿ 800ರ ಉತ್ಪಾದನೆ ಅದೇ ವರ್ಷದ ಜನವರಿಯಲ್ಲಿಯೂ ನಿಂತುಹೋದವು. ಆದರೂ ಕೆಎ-26 ಸಂಖ್ಯೆಯ ಫಲಕ ಹೊತ್ತ ಇಂತಹ ಕಾರುಗಳು ಇಂದಿಗೂ ರಸ್ತೆಯ ಮೇಲಿವೆ.

ಈ ಕಾರುಗಳ ಬಣ್ಣ ಮಾಸಿದರೆ ಕಾಣುತ್ತದೆ, ಟಯರು ಸವೆದರೆ ತಿಳಿಯುತ್ತದೆ. ಹಿಂಭಾಗದ ಟ್ಯಾಂಕಿನಿಂದ ಮುಂಭಾಗದ ಎಂಜಿನ್‌ವರೆಗೆ ನೆಲಹಾಸಿನ ಅಡಿಯಲ್ಲಿ ಸಾಗುವ ಉಕ್ಕಿನ ಪೆಟ್ರೋಲ್ ಪೈಪು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಬ್ಬೆರಳಿಗಿಂತ ಸಣ್ಣದಾದ ಈ ಪೈಪು ತುಕ್ಕು ಹಿಡಿದು ತೂತು ಬಿದ್ದರೆ ನಷ್ಟ ಕೆಲವು ಲೀಟರು ಪೆಟ್ರೋಲಿಗೆ ಮುಗಿಯುವುದಿಲ್ಲ. ಅರಳೆ, ಕಾಗದ, ಶೇಂಗಾ, ಎಣ್ಣೆ ತುಂಬಿದ ಗೋದಾಮುಗಳ ಊರಿನಲ್ಲಿ ಇದು ಗ್ಯಾರೇಜಿನವರಷ್ಟೇ ಯೋಚಿಸಬೇಕಾದ ವಿಷಯವಲ್ಲ.

ಒಣ ಸೀಮೆಯಲ್ಲಿ ತುಕ್ಕು ಏಕೆ?

ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಕರಾವಳಿಯ ಉಪ್ಪುಗಾಳಿ ಇಲ್ಲಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಅಮೆರಿಕ, ಕೆನಡಾ ದೇಶಗಳಲ್ಲಿ ಕಾರಿನ ತಳಭಾಗ ಹತ್ತು ವರ್ಷದೊಳಗೇ ತಿಂದುಹೋಗುವುದುಂಟು. ಇಲ್ಲಿ ಅಂತಹ ಪರಿಸ್ಥಿತಿಯೂ ಇಲ್ಲ. ಹೀಗಿರುವಾಗ ತುಕ್ಕಿನ ಭಯವೇಕೆ ಎಂದು ಕೇಳುವವರು ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಹೋಗಿ ಬಂದ ಕಾರಿನ ತಳಭಾಗವನ್ನು ಒಮ್ಮೆ ಬಗ್ಗಿ ನೋಡಬೇಕು. ಎರೆಮಣ್ಣು ಹಸಿಯಿದ್ದಾಗ ಅಂಟಿನಂತೆ ಮೆತ್ತಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಪೈಪನ್ನು ಚಾಸಿಗೆ ಹಿಡಿದಿಡುವ ಕ್ಲಿಪ್ಪುಗಳ ಸಂದಿಯಲ್ಲಿ ಸೇರಿಕೊಂಡ ಮಣ್ಣು ದಿನಗಟ್ಟಲೆ ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಆದ್ದರಿಂದಲೇ ಪೈಪು ನಡುವೆ ಗಟ್ಟಿಯಾಗಿದ್ದರೂ ಕ್ಲಿಪ್ಪಿನ ಅಡಿಯಲ್ಲಿ ಮತ್ತು ಹಿಂದಿನ ಚಕ್ರ ಕೆಸರು ಎರಚುವ ಜಾಗದಲ್ಲಿ ಮೊದಲು ತೂತಾಗುತ್ತದೆ. ಮಸಾರಿ ಭೂಮಿಯ ಮಣ್ಣು ಬೇಗ ಉದುರುವುದರಿಂದ ಅಲ್ಲಿ ಓಡಾಡುವ ಕಾರುಗಳಿಗೆ ಈ ಬಾಧೆ ತುಸು ಕಡಿಮೆ.

ವ್ಯಾಪಾರಸ್ಥರ ಕಾರಿಗೆ ಇನ್ನೊಂದು ಕಾರಣವೂ ಸೇರುತ್ತದೆ. ಅವಸರದಲ್ಲಿ ಎರಡು ಚೀಲ ಗೊಬ್ಬರವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವುದು ರೂಢಿ. ಪೊಟ್ಯಾಷ್ ಗೊಬ್ಬರ ಎಂದರೆ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ದಾಯಾದಿ. ಚೀಲದ ಹೊಲಿಗೆಯಿಂದ ಉದುರಿದ ಹರಳುಗಳು ನೆಲದ ರಂಧ್ರಗಳ ಮೂಲಕ ಕೆಳಗಿಳಿದು, ತೇವ ಹೀರಿ, ಉಕ್ಕನ್ನು ತಿನ್ನುತ್ತವೆ. ಕರಾವಳಿಯ ಉಪ್ಪನ್ನು ಕಾರಿನ ಮಾಲೀಕನೇ ಹೊತ್ತು ತಂದಂತಾಯಿತು!

ತುಕ್ಕು ಒಳಗಿನಿಂದಲೂ ಬರುತ್ತದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು; 2025ರ ವೇಳೆಗೆ ದೇಶದ ಸರಾಸರಿ ಮಿಶ್ರಣವೇ ಆ ಪ್ರಮಾಣವನ್ನು ಮುಟ್ಟಿತು. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ದಿನವೂ ಓಡುವ ಕಾರಿನಲ್ಲಿ ಇದರಿಂದ ಹೆಚ್ಚಿನ ತೊಂದರೆಯಿಲ್ಲ, ಟ್ಯಾಂಕು ಬೇಗ ಬೇಗ ಬರಿದಾಗಿ ತುಂಬುತ್ತದೆ. ಅರ್ಧ ಟ್ಯಾಂಕಿನೊಡನೆ ತಿಂಗಳುಗಟ್ಟಲೆ ನಿಂತ ಕಾರಿನಲ್ಲಾದರೆ ನೀರಿನಂಶ ಮಿತಿಮೀರಿ, ಎಥೆನಾಲಿನೊಡನೆ ಬೇರ್ಪಟ್ಟು ತಳಕ್ಕಿಳಿಯಬಹುದು. ಟ್ಯಾಂಕಿನ ತಳ ಮತ್ತು ಪೈಪಿನ ತಗ್ಗಾದ ಬಾಗುಗಳು ಆಗ ಒಳಗಿನಿಂದ ತುಕ್ಕು ಹಿಡಿಯುತ್ತವೆ. ಹಳೆಯ ಕಾಲದ ರಬ್ಬರು ಹೋಸುಗಳೂ ಇಂತಹ ಪೆಟ್ರೋಲಿಗೆ ಉಬ್ಬಿ, ಗಡುಸಾಗಿ, ಬಿರುಕು ಬಿಡುತ್ತವೆ. ಹಳೆಯ ವಾಹನಗಳಲ್ಲಿ 20 ರಿಂದ 30 ಸಾವಿರ ಕಿಲೋಮೀಟರು ಓಡಿದ ಮೇಲೆ ಕೆಲವು ರಬ್ಬರು ಭಾಗಗಳನ್ನು ಬದಲಿಸಬೇಕಾಗಬಹುದೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಈ ಮಿಶ್ರಣ ನೀತಿಯ ವಿರುದ್ಧ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕಬ್ಬಿನ ಬೆಳೆಗಾರನಿಗೆ ಎಥೆನಾಲಿನಿಂದ ಲಾಭವಿರುವುದು ನಿಜ. ಹಳೆಯ ಕಾರಿನ ಮಾಲೀಕನು ಮಾತ್ರ ತನ್ನ ಪೈಪನ್ನು ತಾನೇ ನೋಡಿಕೊಳ್ಳಬೇಕಾಗಿದೆ.

ಎರಡು ಬಗೆಯ ಕಾರು, ಎರಡು ಬಗೆಯ ಅಪಾಯ

ಕಾರ್ಬ್ಯುರೇಟರ್ ಇರುವ ಹಳೆಯ ಅಂಬಾಸಿಡರ್, ಪದ್ಮಿನಿ ಹಾಗೂ ಮೊದಲ ಕಾಲದ ಮಾರುತಿ 800 ಕಾರುಗಳಲ್ಲಿ ಪೆಟ್ರೋಲ್ ಪಂಪು ಸಾಮಾನ್ಯವಾಗಿ ಎಂಜಿನಿನ ಪಕ್ಕದಲ್ಲಿದ್ದು, ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಓಡುವಾಗ ಪೆಟ್ರೋಲ್ ಹೊರಬರುವ ಬದಲು ಗಾಳಿ ಒಳಸೇರುತ್ತದೆ. ಮುಂಜಾನೆ ಸ್ಟಾರ್ಟ್ ಆಗಲು ಸತಾಯಿಸುವುದು, ಏರುದಾರಿಯಲ್ಲಿ ಎಂಜಿನ್ ಬಿಕ್ಕುವುದು ಇದರ ಲಕ್ಷಣ. ಮಾಲೀಕನು ಪ್ಲಗ್ಗು, ಬ್ಯಾಟರಿ ಎಂದು ಖರ್ಚು ಮಾಡುತ್ತ ಹೋಗುತ್ತಾನೆ. ಕಾರು ನಿಂತಾಗ, ಟ್ಯಾಂಕಿನ ಪೆಟ್ರೋಲಿನ ಮಟ್ಟ ತೂತಿಗಿಂತ ಮೇಲಿದ್ದರೆ, ಹನಿಹನಿಯಾಗಿ ಸೋರುತ್ತದೆ. ಬೆಳಿಗ್ಗೆ ಗೋದಾಮಿನ ಬಾಗಿಲು ತೆರೆದಾಗ ಬರುವ ವಾಸನೆ ಇದೇ.

ಎಂಪಿಎಫ್‌ಐ ಕಾರುಗಳ ವ್ಯವಸ್ಥೆ ಬೇರೆ. ಪಂಪು ಟ್ಯಾಂಕಿನೊಳಗಿದ್ದು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತದೆ. ಇದು ಕಾರಿನ ಟಯರಿನ ಗಾಳಿಯ ಒತ್ತಡಕ್ಕಿಂತ ಹೆಚ್ಚು. ಇಲ್ಲಿ ತೂತು ಬಿದ್ದರೆ ಪೆಟ್ರೋಲ್ ತೊಟ್ಟಿಕ್ಕುವುದಿಲ್ಲ, ಕಾದ ಸೈಲೆನ್ಸರಿನ ಪಕ್ಕದಲ್ಲಿಯೇ ಮಂಜಿನಂತೆ ಚಿಮ್ಮುತ್ತದೆ. ಆದುದರಿಂದ ಮನೆಯಂಗಳದಲ್ಲಿ ಸ್ವತಃ ದುರಸ್ತಿ ಮಾಡುವ ಮಾತು ಕಾರ್ಬ್ಯುರೇಟರ್ ಕಾರುಗಳಿಗೆ ಮಾತ್ರ ಅನ್ವಯಿಸುತ್ತದೆ. ಎಂಪಿಎಫ್‌ಐ ಕಾರಿಗೆ ಕಂಪನಿಯ ಪೈಪನ್ನೇ ತರಿಸಿ, ಒತ್ತಡ ಇಳಿಸುವ ಕ್ರಮ ಬಲ್ಲ ಮೆಕ್ಯಾನಿಕ್‌ನಿಂದಲೇ ಹಾಕಿಸಬೇಕು. ಈ ವಿಷಯದಲ್ಲಿ ಉಳಿತಾಯದ ಯೋಚನೆ ಬೇಡ.

ಇಂಧನ ಸೋರಿಕೆಯನ್ನು ಕಾರು ತಯಾರಕರು ಹಗುರವಾಗಿ ಪರಿಗಣಿಸುವುದಿಲ್ಲ. ಸೋರುವ ಸಾಧ್ಯತೆಯೊಂದಕ್ಕಾಗಿಯೇ 2010ರಲ್ಲಿ ಮಾರುತಿ ಸುಜುಕಿ ಸಂಸ್ಥೆಯು ಸುಮಾರು 1 ಲಕ್ಷ ಎ-ಸ್ಟಾರ್ ಕಾರುಗಳನ್ನು ಹಿಂದಕ್ಕೆ ಕರೆಸಿ ಪೆಟ್ರೋಲ್ ಪಂಪಿನ ಗ್ಯಾಸ್ಕೆಟ್ ಬದಲಿಸಿತು. ಟ್ಯಾಂಕಿಗೆ ಪೆಟ್ರೋಲ್ ತುಂಬುವ ಕೊಳವೆಯ ದೋಷಕ್ಕಾಗಿ 2014ರ ಏಪ್ರಿಲ್‌ನಲ್ಲಿ 1,03,311 ಸ್ವಿಫ್ಟ್, ಡಿಜೈರ್, ಎರ್ಟಿಗಾ ಕಾರುಗಳನ್ನು ಕರೆಸಿತು. ಹೊಸ ಕಾರಿಗೆ ಹೀಗೆ ಕಂಪನಿಯ ಕರೆ ಬರುತ್ತದೆ. ಇಪ್ಪತ್ತು ವರ್ಷದ ಕಾರಿಗೆ ಅಂತಹ ಕರೆ ಬರುವುದಿಲ್ಲ.

ಸಾಬೂನು, ಸೈಕಲ್ ಟ್ಯೂಬು, ತಂತಿ

ಸೋರಿಕೆ ಕಂಡಾಗ ಮೊದಲು ನಡೆಯುವುದು ತೇಪೆಯ ಕೆಲಸ. ತೂತಿಗೆ ಬಟ್ಟೆ ತೊಳೆಯುವ ಸಾಬೂನು ತಿಕ್ಕುವುದು ಲಾರಿ ಚಾಲಕರ ಕಾಲದಿಂದ ಬಂದ ಉಪಾಯ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಊರು ಮುಟ್ಟಲು ಅದು ಸಾಕು, ಅದರಾಚೆಗೆ ಅಲ್ಲ. ಎಂ-ಸೀಲ್ ಮೆತ್ತುವುದು, ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿಯುವುದು, ತುಕ್ಕಿನ ಭಾಗವನ್ನು ಕತ್ತರಿಸಿ ನೀರಿನ ಪ್ಲಾಸ್ಟಿಕ್ ಪೈಪು ಜೋಡಿಸುವುದು ಕೂಡ ನಡೆದೇ ಇದೆ. ಸೈಕಲ್ ಟ್ಯೂಬಿನ ರಬ್ಬರು ಪೆಟ್ರೋಲಿಗೆ ಕರಗುವಂಥದ್ದು. ನೀರಿನ ಪೈಪು ಕೆಲವೇ ತಿಂಗಳಲ್ಲಿ ಕಲ್ಲಿನಂತೆ ಗಡುಸಾಗಿ ಒಡೆಯುತ್ತದೆ. ಇದಕ್ಕಿಂತ ಮುಖ್ಯವಾದುದೆಂದರೆ, ಒಂದು ಕಡೆ ತೂತು ಬಿದ್ದ ಪೈಪು ಉಳಿದ ಕಡೆಯೂ ತೆಳುವಾಗಿರುತ್ತದೆ. ತೇಪೆ ಹಾಕುವಾಗ ಕೈ ತಾಗಿದ ರಭಸಕ್ಕೆ ಮತ್ತೊಂದು ಕಡೆ ಒಡೆಯುವುದು ಗ್ಯಾರೇಜಿನವರ ನಿತ್ಯದ ಅನುಭವ. ಟ್ಯಾಂಕಿನಿಂದ ಎಂಜಿನ್‌ವರೆಗೆ ಇಡೀ ಪೈಪನ್ನು ಬದಲಿಸುವುದೇ ದುರಸ್ತಿ.

ತಾಮ್ರದ ಪೈಪು ತುಕ್ಕು ಹಿಡಿಯುವುದಿಲ್ಲವೆಂದು ಫ್ರಿಜ್ ರಿಪೇರಿ ಅಂಗಡಿಯಿಂದ ಅದನ್ನೇ ತರುವವರಿದ್ದಾರೆ. ಶುದ್ಧ ತಾಮ್ರ ನಿರಂತರ ಕಂಪನದಿಂದ ಗಡುಸಾಗಿ ಬಿರುಕು ಬಿಡುತ್ತದೆ. ಪೆಟ್ರೋಲಿನಲ್ಲಿ ಅಂಟು ಕಟ್ಟುವ ಕ್ರಿಯೆಯನ್ನೂ ಚುರುಕುಗೊಳಿಸುತ್ತದೆ. ಸತುವಿನ ಲೇಪವಿರುವ ಉಕ್ಕಿನ ಪೈಪು ಅಥವಾ ದೊರೆತರೆ ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪು ಯೋಗ್ಯ. ಎರಡೂ ತುದಿಗಳಲ್ಲಿ ಸೇರುವ ಗಿಡ್ಡ ಹೋಸುಗಳ ಮೇಲೆ ಅದು ಇಂಧನಕ್ಕಾಗಿಯೇ ತಯಾರಾದುದೆಂಬ ಮುದ್ರೆ ಇರಬೇಕು. ಕಾರ್ಬ್ಯುರೇಟರ್ ಕಾರಿಗೆ ಎಸ್‌ಎಇ ಜೆ30 ಆರ್7 ಸಾಕಾಗುತ್ತದೆ. ಆರ್9 ಆದರೆ ಎಥೆನಾಲ್ ಮಿಶ್ರಣವನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ.

ಅಂಗಳದಲ್ಲಿ ಮಾಡುವ ಕೆಲಸ

ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರುವುದಿಲ್ಲ. ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿಯೂ ಅದಕ್ಕೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಗದಗಿನ ಏಪ್ರಿಲ್ ಬಿಸಿಲಿನ ಮಾತಂತೂ ಬೇಡ. ಆದ್ದರಿಂದ ಗೋದಾಮಿನೊಳಗೆ, ಜಿನ್ನೆಯ ಕೆಳಗೆ, ಸರ್ವಿಸ್ ಗುಂಡಿಯ ಮೇಲೆ ಈ ಕೆಲಸ ಸಲ್ಲದು. ಬಯಲಿನ ಅಂಗಳವೇ ಬೇಕು. ಅಡುಗೆ ಮನೆಯ ಒಲೆ, ದೇವರ ಮನೆಯ ದೀಪ, ನೋಡಲು ಬಂದ ನೆರೆಯವರ ಬೀಡಿ ಇವೆಲ್ಲ ದೂರವಿರಬೇಕು. ವೈರಿನಲ್ಲಿ ತೂಗುವ ಗಾಜಿನ ಬಲ್ಬನ್ನು ಕಾರಿನ ಕೆಳಗೆ ಒಯ್ಯಲೇಬಾರದು; ಬಿದ್ದು ಒಡೆದರೆ ಅದೇ ಕಿಡಿ. ಒಣಪುಡಿಯ ಅಗ್ನಿಶಾಮಕ ಕೈಗೆ ಸಿಗುವಂತಿರಲಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಟ್ಟು, ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಇಳಿಸಬೇಕು. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ ಒಟ್ಟು 30 ಲೀಟರು ಮಾತ್ರ ಎಂಬುದು ನೆನಪಿರಲಿ. ಟ್ಯಾಂಕು ಬಹುಪಾಲು ಖಾಲಿಯಾಗುವವರೆಗೆ ಓಡಿಸಿದ ನಂತರ ಕೆಲಸಕ್ಕೆ ಕೈ ಹಾಕುವುದು ಹೆಚ್ಚು ಜಾಣತನ. ಖಾಲಿ ಟ್ಯಾಂಕು ನಿರಪಾಯಕಾರಿ ಎಂದು ಮಾತ್ರ ಯಾರೂ ಭಾವಿಸಬಾರದು. ಒಳಗಿನ ಆವಿಯ ಕಾರಣ ಅದು ತುಂಬಿದ ಟ್ಯಾಂಕಿಗಿಂತ ಅಪಾಯಕರ. ಅದರ ಹತ್ತಿರ ವೆಲ್ಡಿಂಗ್ ಮಾಡಿಸುವುದು ಆತ್ಮಹತ್ಯೆಗೆ ಸಮಾನ.

ಕಾರನ್ನು ಜಾಕಿನ ಮೇಲೆ ಎತ್ತಿ, ಇಟ್ಟಿಗೆ-ಕಲ್ಲುಗಳ ಆಸರೆ ಕೊಟ್ಟು ಕೆಳಗೆ ನುಗ್ಗುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಇಟ್ಟಿಗೆ ಭಾರಕ್ಕೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಉಕ್ಕಿನ ಸ್ಟ್ಯಾಂಡುಗಳನ್ನು ಪರಿಚಯದ ಗ್ಯಾರೇಜಿನಿಂದ ಒಂದು ದಿನದ ಮಟ್ಟಿಗೆ ಎರವಲು ತರುವುದು ಲೇಸು.

ಹಳೆಯ ಪೈಪನ್ನು ತುಂಡರಿಸದೆ ಆದಷ್ಟು ಇಡಿಯಾಗಿ ಇಳಿಸಬೇಕು, ಏಕೆಂದರೆ ಹೊಸದಕ್ಕೆ ಅದೇ ಮಾದರಿ. ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಮಲಗಿಸಿ, ಬಾಗಿಗೆ ಬಾಗು ಹೊಂದಿಸುತ್ತ ಪೈಪು ಬಗ್ಗಿಸುವ ಉಪಕರಣದಿಂದ ಬಗ್ಗಿಸಬೇಕು. ಮೊಣಕಾಲಿಗೆ ಒತ್ತಿ ಬಗ್ಗಿಸಿದರೆ ಪೈಪು ಚಪ್ಪಟೆಯಾಗಿ ಪೆಟ್ರೋಲಿನ ದಾರಿಯೇ ಕಟ್ಟಿಕೊಳ್ಳುತ್ತದೆ. ಗರಗಸದಿಂದ ಕತ್ತರಿಸಿದರೆ ಲೋಹದ ಪುಡಿ ಒಳಗುಳಿದು ಕಾರ್ಬ್ಯುರೇಟರನ್ನು ಸೇರುತ್ತದೆ. ಪೈಪು ಕಟ್ಟರ್ ಬಳಸಿ, ಕೊನೆಗೆ ಗಾಳಿ ಊದಿ ಸ್ವಚ್ಛ ಮಾಡಬೇಕು. ಹೋಸು ಕೂರುವ ತುದಿಗೆ ಸಣ್ಣ ಉಬ್ಬು ಮಾಡಿಸಿಕೊಳ್ಳುವುದನ್ನು ಬಹಳ ಜನ ಮರೆಯುತ್ತಾರೆ. ಆ ಉಬ್ಬು ಇಲ್ಲದಿದ್ದರೆ ಕ್ಲಾಂಪು ಎಷ್ಟೇ ಬಿಗಿಯಾಗಿದ್ದರೂ ಹೋಸು ಒಂದು ದಿನ ಜಾರುತ್ತದೆ. ಪೈಪು ಹಳೆಯ ದಾರಿಯಲ್ಲಿಯೇ, ಸೈಲೆನ್ಸರಿನಿಂದ ದೂರ, ರಬ್ಬರು ಹಾಸಿದ ಹೊಸ ಕ್ಲಿಪ್ಪುಗಳಲ್ಲಿ ಕೂರಬೇಕು. ಹಳೆಯ ತುಕ್ಕಿನ ಪುಡಿ ಟ್ಯಾಂಕಿನಲ್ಲಿ ಉಳಿದಿರುತ್ತದೆಯಾದ್ದರಿಂದ ಹೊಸ ಫಿಲ್ಟರನ್ನೂ ಅದರ ಬಾಣದ ಗುರುತು ನೋಡಿ ಹಾಕಬೇಕು. ಅದನ್ನು ಕೆಲವು ವಾರಗಳ ನಂತರ ಮತ್ತೊಮ್ಮೆ ಬದಲಿಸಬೇಕಾಗಬಹುದು.

ಪರೀಕ್ಷೆಗೆ ಹಳೆಯ ದಿನಪತ್ರಿಕೆಯೇ ಸಾಕು. ಸ್ವಲ್ಪ ಪೆಟ್ರೋಲ್ ಹಾಕಿ, ಎಂಜಿನ್ ಕೆಲವು ನಿಮಿಷ ಓಡಿಸಿ ನಿಲ್ಲಿಸಿ, ತಣಿದ ಮೇಲೆ ಪೈಪಿನ ಉದ್ದಕ್ಕೂ ಕೆಳಗೆ ಒಣ ಕಾಗದ ಹಾಸಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಕಲೆಯಿದ್ದರೆ ಅದರ ನೇರ ಮೇಲೆಯೇ ದೋಷವಿದೆ. ಪೆಟ್ರೋಲಿನ ಕಲೆ ಆರಿಹೋಗುವುದುಂಟು, ಆದ್ದರಿಂದ ಕಣ್ಣಿನ ಜೊತೆಗೆ ಮೂಗನ್ನೂ ಬಳಸಬೇಕು.

ವಿಮೆಯಲ್ಲಿ ಏನಿದೆ, ಏನಿಲ್ಲ

ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ ಬೆಂಕಿ, ಸ್ಫೋಟ, ತಾನಾಗಿ ಹೊತ್ತಿಕೊಳ್ಳುವಿಕೆಗಳಿಂದ ಆಗುವ ಹಾನಿಗೆ ರಕ್ಷಣೆಯಿದೆ. ಸವಕಳಿಗೆ ಇಲ್ಲ, ಅಂದರೆ ತುಕ್ಕು ಹಿಡಿದ ಪೈಪಿನ ಬೆಲೆ ಸಿಗದು, ಅದರಿಂದ ಹತ್ತಿದ ಬೆಂಕಿಯ ಹಾನಿ ಸಿಗಬಹುದು. ವಾಹನವನ್ನು ಸುಸ್ಥಿತಿಯಲ್ಲಿಡಲು ಯುಕ್ತ ಕ್ರಮ ಕೈಗೊಳ್ಳಬೇಕೆಂಬ ಷರತ್ತೂ ಅದೇ ಪಾಲಿಸಿಯಲ್ಲಿದೆ. ಪೆಟ್ರೋಲ್ ವಾಸನೆ ತಿಂಗಳುಗಟ್ಟಲೆ ಬರುತ್ತಿದ್ದರೂ ಸೈಕಲ್ ಟ್ಯೂಬು ಸುತ್ತಿಕೊಂಡು ಓಡಿಸಿದ ಕಾರಿನ ಕ್ಲೇಮು ಬಂದರೆ ಸರ್ವೇಯರು ಆ ಷರತ್ತನ್ನು ಓದದೆ ಬಿಡಲಾರರು.

ಹಳೆಯ ಕಾರುಗಳ ನಿಜವಾದ ತೊಡಕು ಬೇರೆಯೇ ಇದೆ. ಪ್ರೀಮಿಯಂ ಉಳಿಸಲೆಂದು ಅನೇಕರು ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯೊಂದನ್ನೇ ಮುಂದುವರಿಸಿರುತ್ತಾರೆ. ಅದರಲ್ಲಿ ಸ್ವಂತ ಕಾರು ಸುಟ್ಟರೆ ಒಂದು ರೂಪಾಯಿಯೂ ಬರುವುದಿಲ್ಲ. ಕಾರು ನಿಂತ ಗೋದಾಮಿನಲ್ಲಿ ಸುಟ್ಟ ಮಾಲೀಕನ ಸ್ವಂತ ಸರಕಿಗೂ ಆ ಪಾಲಿಸಿಯಿಂದ ಪರಿಹಾರವಿಲ್ಲ, ಏಕೆಂದರೆ ತನ್ನ ಸರಕು ತನಗೆ ಮೂರನೆಯವರ ಆಸ್ತಿಯಾಗುವುದಿಲ್ಲ. ಸರಕಿಗೆ ಪ್ರತ್ಯೇಕ ಅಗ್ನಿವಿಮೆ ಇದೆಯೇ, ಆ ಕಟ್ಟಡದಲ್ಲಿ ವಾಹನ ನಿಲ್ಲಿಸುವ ವಿಷಯ ವಿಮಾ ಕಂಪನಿಗೆ ತಿಳಿದಿದೆಯೇ ಎಂಬುದನ್ನು ಏಜೆಂಟರ ಬಾಯಿಮಾತಿನಲ್ಲಿ ಬಿಡದೆ ಪಾಲಿಸಿಯನ್ನೇ ತೆಗೆದು ನೋಡಬೇಕು.

ಕಿರ್ದಿಯಲ್ಲಿ ಹೇಗೆ?

ವ್ಯಾಪಾರದ ಹೆಸರಿನಲ್ಲಿರುವ ಕಾರಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇಕಡಾ 15ರಂತೆ, ಇಳಿದ ಬೆಲೆಯ ಮೇಲೆ ಸವಕಳಿ ದೊರೆಯುತ್ತದೆ. 4,00,000 ರೂಪಾಯಿಗೆ ಕೊಂಡ ಕಾರು ಹದಿನೈದು ವರ್ಷಗಳ ಬಳಿಕ ಪುಸ್ತಕದಲ್ಲಿ ಸುಮಾರು 34,940 ರೂಪಾಯಿಗೆ ಬಂದು ನಿಲ್ಲುತ್ತದೆ. ಪೈಪು, ಹೋಸು, ಕ್ಲಾಂಪು, ಫಿಲ್ಟರುಗಳಿಗೆ 2,500, ಕೂಲಿಗೆ 2,000, ಒಟ್ಟು 4,500 ರೂಪಾಯಿ ಖರ್ಚಾಯಿತೆಂದು ಉದಾಹರಣೆಗೆ ಇಟ್ಟುಕೊಳ್ಳಬಹುದು. ಪುಸ್ತಕದ ಬೆಲೆಯ ಎಂಟನೆಯ ಒಂದು ಭಾಗದಷ್ಟಾಯಿತೆಂದು ಇದನ್ನು ಕಾರಿನ ಖಾತೆಗೇ ಸೇರಿಸುವ ಗುಮಾಸ್ತರಿದ್ದಾರೆ. ಅದು ತಪ್ಪು. ಇರುವ ಆಸ್ತಿಯನ್ನು ಇದ್ದಂತೆ ಉಳಿಸಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ. ಅದು ಆ ವರ್ಷದ ಲಾಭ-ನಷ್ಟದ ಪಟ್ಟಿಗೆ ಸಲ್ಲುತ್ತದೆ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಿರಣಿಯ ಇಡೀ ಯಂತ್ರವೊಂದನ್ನು ಬದಲಿಸುವುದು ಚಾಲ್ತಿ ದುರಸ್ತಿಯಲ್ಲವೆಂದು ತೀರ್ಮಾನಿಸಿತು. ಪೈಪು ಸ್ವತಂತ್ರ ಯಂತ್ರವಲ್ಲ, ಕಾರಿನ ಒಂದು ಅಂಗ. ಆದುದರಿಂದ ಆ ತೀರ್ಪಿನ ತೊಡಕು ಇಲ್ಲಿಗೆ ತಾಗದು. 1961ರ ಕಾಯ್ದೆಯ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರಚಿತವಾದ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ತತ್ವ ಬದಲಾಗಿಲ್ಲ.

ಕಾರನ್ನು ಮನೆಯವರೂ ಬಳಸುತ್ತಾರಾದ್ದರಿಂದ ವ್ಯಾಪಾರದ ಪಾಲಿನಷ್ಟೇ ಖರ್ಚು ತೋರಿಸಬೇಕು. ಶೇಕಡಾ 80 ವ್ಯಾಪಾರಕ್ಕೆಂದು ಹಿಡಿದರೆ 3,600 ರೂಪಾಯಿ. ಶೇಕಡಾ 30ರ ದರ ಮತ್ತು ಅದರ ಮೇಲಿನ ಸೆಸ್ ಅನ್ವಯವಾಗುವವರಿಗೆ ತೆರಿಗೆಯ ಉಳಿತಾಯ ಸುಮಾರು 1,120 ರೂಪಾಯಿ. ವಹಿವಾಟಿನ ಶೇಕಡಾ 8 ಅಥವಾ 6ರಷ್ಟನ್ನು ಲಾಭವೆಂದು ತೋರಿಸುವ ಅಂದಾಜು ಪದ್ಧತಿಯವರಿಗೆ ಈ ಬಿಲ್ಲಿನಿಂದ ಪ್ರತ್ಯೇಕ ಲಾಭವಿಲ್ಲ, ಎಲ್ಲ ಖರ್ಚೂ ಅದರಲ್ಲಿಯೇ ಅಡಗಿದೆ. ಅಡತಿ, ದಲಾಲಿ ವರಮಾನದವರಿಗೆ ಆ ಪದ್ಧತಿಯೇ ಲಭ್ಯವಿಲ್ಲದ ಕಾರಣ ಮಾರುಕಟ್ಟೆ ಪ್ರಾಂಗಣದ ವರ್ತಕರು ಬಿಲ್ಲನ್ನು ಜೋಪಾನ ಮಾಡಲೇಬೇಕು. ಬಿಲ್ಲಿನ ಮೇಲೆ ಕಾರಿನ ನಂಬರು ಇರಲಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ದರ ಶೇಕಡಾ 18 ಆಗಿದೆ. ಆದರೆ ಹದಿಮೂರಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನದ ದುರಸ್ತಿಯ ಮೇಲೆ ಕಟ್ಟಿದ ತೆರಿಗೆಯ ಜಮೆ ಸಾಮಾನ್ಯ ವ್ಯಾಪಾರಿಗೆ ಸಿಗುವುದಿಲ್ಲ. ಅದೇ ಅಂಗಡಿಯ ಸರಕು ಸಾಗಿಸುವ ಟೆಂಪೋದ ಪೈಪು ಬದಲಿಸಿದರೆ ಸಿಗುತ್ತದೆ. ಎರಡೂ ವಾಹನಗಳ ಸಾಮಾನನ್ನು ಒಂದೇ ಬಿಲ್ಲಿನಲ್ಲಿ ತಂದು ಪೂರ್ತಿ ಜಮೆ ಪಡೆದವರು ಪರಿಶೀಲನೆಯ ವೇಳೆ ಬಡ್ಡಿಸಹಿತ ಮರಳಿಸಬೇಕಾಗುತ್ತದೆ.

ಇಷ್ಟು ಮಾಡಿಯೂ ಕಾರನ್ನು ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನ ಅಧಿಸೂಚನೆ ಅದನ್ನು 10,000 ರೂಪಾಯಿಗೆ ಏರಿಸಿತು. ಹಸಿರು ತೆರಿಗೆ ಬೇರೆ. ವರ್ಷಕ್ಕೆ ನಾಲ್ಕು ಬಾರಿ ಮುಂಡರಗಿಗೆ ಹೋಗಿಬರಲು ಮಾತ್ರ ಇಟ್ಟುಕೊಂಡ ಕಾರಿಗೆ ಈ ಖರ್ಚು ಹೊರೆಯೇ ಸರಿ. ವಾರಕ್ಕೆ ಎರಡು ಬಾರಿ ಲಕ್ಷ್ಮೇಶ್ವರದ ವಸೂಲಿಗೆ ಓಡುವ, ಎಂಜಿನ್ ಗಟ್ಟಿಯಿರುವ ಕಾರಿಗೆ ಐದು ವರ್ಷಗಳ ನವೀಕರಣವೂ ಒಂದು ಹೊಸ ಪೈಪೂ ಸೇರಿದರೂ ಹೊಸ ಕಾರಿನ ಸಾಲದ ಒಂದೆರಡು ಕಂತಿಗೆ ಸಮನಾಗುವುದು ಕಷ್ಟ. ನವೀಕರಣಕ್ಕಾಗಿ ಕಾರನ್ನು ತಪಾಸಣೆಗೆ ಒಯ್ಯುವ ಮೊದಲು, ಮುಂಗಾರಿನ ಕೆಸರು ಮೆತ್ತಿಕೊಳ್ಳುವುದಕ್ಕೂ ಮುಂಚೆ, ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕಾರಿನ ತಳಭಾಗ ತೊಳೆಸಿ ಕ್ಲಿಪ್ಪುಗಳ ಸಂದಿಯನ್ನು ಟಾರ್ಚಿನ ಬೆಳಕಿನಲ್ಲಿ ನೋಡಿಕೊಂಡರೆ, ಪೈಪು ಈ ವರ್ಷ ಬದಲಿಸಬೇಕೇ ಮುಂದಿನ ವರ್ಷವೇ ಎಂಬುದು ತಿಳಿಯುತ್ತದೆ.